ಕೈಗಡಿಯಾರ ಕಟ್ಟಿಕೊಂಡು ಅಣುಯುದ್ಧದ ಸಿನಿಮಾ ನೋಡುವುದು ಹೇಗೆ

ಮಳೆಗಾಲದ ಶುರುವಿನಲ್ಲಿ ತೀರ್ಥಹಳ್ಳಿ ಕಡೆ ಗುಡುಗು ಹೇಗಿರುತ್ತೆ ಅಂತ ಅಲ್ಲಿಯವರಿಗೆ ಗೊತ್ತು. ಮಿಂಚಿದ ತಕ್ಷಣ ನಮ್ಮಜ್ಜಿ ಕೈ ಮುಗಿದು 'ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ...' ಶುರು ಮಾಡುತ್ತಿದ್ದಳು. ಗುಡುಗು ಬರುವಷ್ಟರಲ್ಲಿ ಅಜ್ಜಿ ಎಷ್ಟನೇ ಹೆಸರಿಗೆ ಬಂದಿದ್ದಾಳೆ ಅಂತ ನಾನು ಲೆಕ್ಕ ಇಡುತ್ತಿದ್ದೆ. ಕಿರೀಟಿವರೆಗೆ ಹೋದರೆ ಸಿಡಿಲು ದೂರ. 'ಅರ್ಜುನ' ಮುಗಿಯುವ ಮೊದಲೇ ಗುಡುಗಿದರೆ ನಾನು ಮಂಚದ ಕೆಳಗೆ. ಆಮೇಲೆ ಫಿಸಿಕ್ಸ್ ಓದಿದೆ. ಶಿವಮೊಗ್ಗದಲ್ಲಿ 31 ವರ್ಷ ಪಿಯುಸಿ ಮಕ್ಕಳಿಗೆ ಅದನ್ನೇ ಪಾಠ ಮಾಡಿದೆ. ಬೆಳಕು ಆಗಲೇ ಬಂದಿರುತ್ತೆ, ಶಬ್ದಕ್ಕೆ ಒಂದು ಕಿಲೋಮೀಟರಿಗೆ ಸುಮಾರು 3 ಸೆಕೆಂಡ್ ಬೇಕು. ಅಜ್ಜಿಯ ಲೆಕ್ಕವೂ ಇದೇ, ಅಷ್ಟೆ.

ನಿವೃತ್ತಿ ಆದ ಮೇಲೆ ಮಹಡಿ ಕೋಣೆಗೆ ಒಂದು ಸಣ್ಣ ಪ್ರೊಜೆಕ್ಟರ್ ತಂದೆ. ಭಾನುವಾರ ಅಕ್ಕಪಕ್ಕದವರು, ಹಳೇ ವಿದ್ಯಾರ್ಥಿಗಳು ಸೇರಿ ಎಂಟು-ಹತ್ತು ಜನ ಕೂರುತ್ತೇವೆ. 2023ರಲ್ಲಿ, ಮೊದಲ ಅಣುಬಾಂಬ್ ಮಾಡಿದ ತಂಡದ ಮುಖ್ಯ ವಿಜ್ಞಾನಿಯ ಕಥೆ 'ಓಪನ್‌ಹೈಮರ್' ಬಂದಾಗ ಹುಡುಗರೆಲ್ಲ ಥಿಯೇಟರಿಗೆ ಹೋಗಿ ಬಂದು, "ಮೇಡಂ, ಬಾಂಬ್ ಸೀನ್ ಸೂಪರ್" ಎಂದರು. "ಬಾಂಬ್ ಬಿದ್ದ ಊರು ಹೇಗಿತ್ತು?" ಅಂತ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸಿನಿಮಾದಲ್ಲಿ ಹಿರೋಶಿಮಾವನ್ನು ತೋರಿಸುವುದೇ ಇಲ್ಲ. ಸರಿ, ತೋರಿಸಿದ ಸಿನಿಮಾಗಳನ್ನು ನೋಡೋಣ ಅಂತ ಶುರು ಮಾಡಿದ್ದು ಹೀಗೆ. ಆಗಿನಿಂದ ಹದಿನೈದಾದರೂ ನೋಡಿದ್ದೇವೆ. ತಪ್ಪು ಮಾಡಿ ಮಾಡಿ ಒಂದು ಕ್ರಮ ಸಿಕ್ಕಿದೆ. ನೀವೂ ಮನೆಯಲ್ಲಿ ನೋಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಮೊದಲು ಕೈಗೊಂದು ಗಡಿಯಾರ ಬೇಕು. ಸೆಕೆಂಡ್ ಮುಳ್ಳು ಇರುವಂಥದ್ದು. ನಾನು ಕಟ್ಟುವುದು ಅಪ್ಪನ ಎಚ್‌ಎಂಟಿ, ಕೀ ಕೊಡುವಂಥದ್ದು, ಇವತ್ತಿಗೂ ಸರಿಯಾಗಿ ಓಡುತ್ತೆ. ಮೊಬೈಲ್ ಬೇಡ. ಟೈಮ್ ನೋಡೋಕೆ ಅಂತ ಕೈಗೆತ್ತಿಕೊಂಡವರು ವಾಟ್ಸಾಪ್ ನೋಡುತ್ತಾರೆ. ಗಡಿಯಾರ ಯಾಕೆ ಅಂದರೆ, ಈ ಸಿನಿಮಾಗಳ ನಿಜವಾದ ವಿಷಯ ಹೊತ್ತು. ತೀರ್ಮಾನ ಮಾಡೋರಿಗೆ ಎಷ್ಟು ನಿಮಿಷ ಇತ್ತು? ಬೆಳಕಿಗೂ ಶಬ್ದಕ್ಕೂ ಎಷ್ಟು ಸೆಕೆಂಡ್ ಬಿಟ್ಟರು? ಬಾಂಬ್ ಬಿದ್ದ ಮೇಲೆ ಕ್ಯಾಮೆರಾ ಎಷ್ಟು ದಿನ ಅಲ್ಲೇ ನಿಂತಿತು? ಸುಳ್ಳು ಹೇಳುವ ನಿರ್ದೇಶಕ ಮೊದಲು ಸಿಕ್ಕಿಬೀಳುವುದು ಇಲ್ಲೇ.

ಎರಡನೆಯದು, ಬೆಳಗ್ಗೆ ನೋಡಿ. ನಾವು ಹತ್ತು ಗಂಟೆಗೆ ಶುರು ಮಾಡುತ್ತೇವೆ. ಕಿಟಕಿಗೆ ಕಪ್ಪು ಬೆಡ್‌ಶೀಟ್ ಕಟ್ಟಿದರೆ ಸಾಕಷ್ಟು ಕತ್ತಲಾಗುತ್ತೆ. ಮುಗಿದಾಗ ಬೆಡ್‌ಶೀಟ್ ಎಳೆದರೆ ಹೊರಗೆ ಬಿಸಿಲಿರಬೇಕು, ತರಕಾರಿ ಗಾಡಿಯವನು ಕೂಗುತ್ತಿರಬೇಕು. ರಾತ್ರಿ ನೋಡಿ ಹಾಗೇ ಮಲಗಲು ಹೋದರೆ ನಿದ್ದೆ ಬರಲ್ಲ, ನಾನು ಮಾಡಿ ನೋಡಿದ್ದೇನೆ. ತಿನ್ನಲು ಮೊಸರವಲಕ್ಕಿ ಸಾಕು. ಹೋಳಿಗೆ ಊಟ ಮಾಡಿ ಕೂತರೆ ಅರ್ಧದಲ್ಲಿ ಕೆಲವರಿಗೆ ಹೊಟ್ಟೆ ತೊಳೆಸುತ್ತೆ, ಉಳಿದವರು ಗೊರಕೆ ಹೊಡೆಯುತ್ತಾರೆ.

ಮೂರನೆಯದು, ಯಾರನ್ನು ಕರೆಯಬೇಕು ಅಂತ ಯೋಚಿಸಿ. ಇದನ್ನು ನಾನು ಕಲಿತದ್ದು ಅಕ್ಕನ ಹತ್ತಿರ ಬೈಸಿಕೊಂಡು. 'ಥ್ರೆಡ್ಸ್' ಹಾಕಿದ ದಿನ ಅಕ್ಕ ಸೊಸೆಯನ್ನೂ ಕರೆದುಕೊಂಡು ಬಂದಿದ್ದಳು. ಹುಡುಗಿಗೆ ಆಗ ಏಳು ತಿಂಗಳು. ಆ ಸಿನಿಮಾದ ನಾಯಕಿಯೂ ಬಸುರಿ. ನನಗೆ ಕಥೆ ಗೊತ್ತಿತ್ತು, ಆದರೂ ತಲೆಗೆ ಹೊಳೆಯಲೇ ಇಲ್ಲ. ಪ್ರೊಜೆಕ್ಟರಿನ ಫೋಕಸ್ ಸರಿ ಮಾಡುತ್ತಾ ನಿಂತಿದ್ದೆ. ಒಂದು ಗಂಟೆ ಆಗಿರಬೇಕು, ಅವಳು ಎದ್ದು ಕೆಳಗೆ ಹೋದಳು. ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಾಳೆ. "ಏನಿಲ್ಲ ಚಿಕ್ಕಮ್ಮ, ನೀರು ಬೇಕಿತ್ತು" ಎಂದಳು. ಕೈ ನಡುಗುತ್ತಿತ್ತು. ಅಕ್ಕ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಮಗು ಹುಟ್ಟಿದ ಮೇಲೆ ನಾಮಕರಣಕ್ಕೆ ಕರೆದಳು, ಆದರೂ ಎಲೆಗೆ ಬಡಿಸುವಾಗ ನನ್ನ ಮುಖ ನೋಡಲಿಲ್ಲ. ಈಗ ಪ್ರತಿ ಸಿನಿಮಾಗೂ ಮೊದಲೇ ಫೋನ್ ಮಾಡಿ ಹೇಳುತ್ತೇನೆ: ಇದರಲ್ಲಿ ಬಸುರಿ ಇದ್ದಾಳೆ, ಇದರಲ್ಲಿ ಮಗು ಸಾಯುತ್ತೆ, ಇದರಲ್ಲಿ ಏನೂ ಕಾಣಿಸಲ್ಲ ಆದರೆ ಕೇಳಿಸುತ್ತೆ. ಕಥೆ ಮೊದಲೇ ಗೊತ್ತಾದರೆ ಮಜಾ ಹೋಗುತ್ತೆ ಅನ್ನೋರಿಗೆ ಈ ಸಿನಿಮಾಗಳು ಹೊಂದಲ್ಲ.

ಯಾವುದರಿಂದ ಶುರು ಮಾಡಬೇಕು?

'ಫೇಲ್ ಸೇಫ್'ನಿಂದ. 1964ರದ್ದು, ಸಿಡ್ನಿ ಲ್ಯೂಮೆಟ್ ನಿರ್ದೇಶನ, ಕಪ್ಪು-ಬಿಳುಪು. ಅದೇ ವರ್ಷ ಸ್ಟ್ಯಾನ್ಲಿ ಕುಬ್ರಿಕ್‌ನ 'ಡಾ. ಸ್ಟ್ರೇಂಜ್‌ಲವ್' ಕೂಡ ಬಂತು. ಎರಡೂ ಒಂದೇ ಕಥೆ ಅಂದರೂ ನಡೆಯುತ್ತೆ: ಅಮೆರಿಕದ ಬಾಂಬರ್ ವಿಮಾನಗಳು ಅಧ್ಯಕ್ಷನ ಆದೇಶ ಇಲ್ಲದೆ ರಷ್ಯಾ ಕಡೆ ಹೊರಟುಬಿಡುತ್ತವೆ, ವಾಪಸ್ ಕರೆಸಲು ಆಗುತ್ತಿಲ್ಲ. ಕುಬ್ರಿಕ್ ಅದನ್ನು ನಗೆಯಾಗಿ ಮಾಡಿದರು, ಲ್ಯೂಮೆಟ್ ಗಂಭೀರವಾಗಿ. ಎರಡನ್ನೂ ಬಿಡುಗಡೆ ಮಾಡಿದ್ದು ಕೊಲಂಬಿಯಾ ಕಂಪನಿಯೇ. ಕಥೆ ನಮ್ಮದು ಅಂತ ಕೋರ್ಟಿಗೂ ಹೋಗಿ, ತಮ್ಮ ಸಿನಿಮಾವೇ ಮೊದಲು ಬರಬೇಕು ಅಂತ ಕುಬ್ರಿಕ್ ಹಟ ಹಿಡಿದರು. 'ಸ್ಟ್ರೇಂಜ್‌ಲವ್' ಜನವರಿಯಲ್ಲಿ ಬಂತು, 'ಫೇಲ್ ಸೇಫ್' ಅಕ್ಟೋಬರಿನಲ್ಲಿ. ಮೊದಲನೆಯದಕ್ಕೆ ಹೊಟ್ಟೆ ಹುಣ್ಣಾಗುವಂತೆ ನಕ್ಕ ಜನಕ್ಕೆ ಎರಡನೆಯದು ಬೇಡವಾಯಿತು. ಪಾಪ, ಓಡಲೇ ಇಲ್ಲ. ಅದಕ್ಕೇ ಹೇಳುವುದು, ನೀವು ತಿರುಗಿಸಿ ನೋಡಿ. ಮೊದಲು 'ಫೇಲ್ ಸೇಫ್', ಒಂದು ವಾರ ಬಿಟ್ಟು 'ಸ್ಟ್ರೇಂಜ್‌ಲವ್'. ಆಗ ನಗು ಬರುತ್ತೆ, ಆದರೆ ಗಂಟಲಲ್ಲೇ ನಿಲ್ಲುತ್ತೆ.

'ಫೇಲ್ ಸೇಫ್'ನಲ್ಲಿ ಹಿನ್ನೆಲೆ ಸಂಗೀತ ಇಲ್ಲ. ಹಾಗಾಗಿ ಫ್ಯಾನ್ ಸದ್ದು ಕಡಿಮೆ ಮಾಡಿ, ಕಿವಿ ಕೊಟ್ಟು ಕೂರಿ. ಅಧ್ಯಕ್ಷನಾಗಿ ಹೆನ್ರಿ ಫೋಂಡಾ. ಒಂದು ಸಣ್ಣ ಕೋಣೆ, ಒಂದು ಫೋನ್, ಪಕ್ಕದಲ್ಲಿ ರಷ್ಯನ್ ಭಾಷೆ ಗೊತ್ತಿರುವ ಒಬ್ಬ ಹುಡುಗ. ಎರಡು ದೇಶದ ಹಣೆಬರಹ ಈ ಅನುವಾದಕನ ಬಾಯಲ್ಲಿದೆ. ಆ ಹುಡುಗನ ಪಾತ್ರ ಮಾಡಿದ ಲ್ಯಾರಿ ಹ್ಯಾಗ್‌ಮನ್‌ನ ಮುಖ ನೋಡುತ್ತಾ ಇರಿ. ಮಾಸ್ಕೋದಲ್ಲಿರುವ ಅಮೆರಿಕದ ರಾಯಭಾರಿಯೂ ಫೋನ್‌ನಲ್ಲಿದ್ದಾನೆ. ಬಾಂಬ್ ಸ್ಫೋಟಿಸಿದರೆ ಶಾಖಕ್ಕೆ ಅವನ ಫೋನ್ ಕರಗುತ್ತೆ, ಆಗ ಒಂದು ಚೀರುವ ಸದ್ದು ಕೇಳುತ್ತೆ, ಅದೇ ಗುರುತು ಅಂತ ಮೊದಲೇ ಹೇಳಿರುತ್ತಾರೆ. ಆಮೇಲೆ ಕಾಯುವುದು. ಅಣಬೆ ಮೋಡ ಇಲ್ಲ, ಬೆಂಕಿ ಇಲ್ಲ. ಫೋನ್ ಚೀರುತ್ತೆ. ಒಂದು ಮಹಾನಗರ ಹೋಯಿತು ಅನ್ನುವುದು ನಮಗೆ ಗೊತ್ತಾಗುವುದು ಅಷ್ಟರಿಂದಲೇ. ನಮ್ಮ ಕೋಣೆಯಲ್ಲಿ ಆ ಹೊತ್ತಿಗೆ ಯಾರೋ ಸ್ಟೀಲ್ ಲೋಟ ಕೆಳಗಿಟ್ಟರು, ಎಲ್ಲರೂ ಬೆಚ್ಚಿಬಿದ್ದೆವು. ಮುಂದಿನದು ಇನ್ನೂ ಕಷ್ಟ. ಮಾಸ್ಕೋಗೆ ಬದಲಾಗಿ ಅಧ್ಯಕ್ಷ ಏನು ಕೊಡುತ್ತಾನೆ ಅನ್ನುವುದನ್ನು ನೀವೇ ನೋಡಿ.

ಒಂದು ಮಾತು. ಈ ಎರಡರಲ್ಲೂ ಒಂದು ಬರಹ ಬರುತ್ತೆ, ಅದನ್ನು ಓಡಿಸಬೇಡಿ. 'ಸ್ಟ್ರೇಂಜ್‌ಲವ್'ನಲ್ಲಿ ಶುರುವಿಗೆ, 'ಫೇಲ್ ಸೇಫ್'ನಲ್ಲಿ ಕೊನೆಗೆ. ಇಂಥದ್ದು ನಿಜವಾಗಿ ನಡೆಯಲು ಸಾಧ್ಯವೇ ಇಲ್ಲ, ನಮ್ಮ ವ್ಯವಸ್ಥೆ ಅಷ್ಟು ಭದ್ರ ಅಂತ ಅಮೆರಿಕದ ವಾಯುಪಡೆಯ ಭರವಸೆ. ಅದನ್ನು ಜೋರಾಗಿ ಓದಿಸಿ, ಆಮೇಲೆ ಈ ಎರಡು ದಿನಾಂಕ ಹೇಳಿ. 1979ರ ನವೆಂಬರ್ 9ರಂದು ಅಮೆರಿಕದ ರಕ್ಷಣಾ ಕಂಪ್ಯೂಟರಿನಲ್ಲಿ ತರಬೇತಿಯ ಟೇಪ್ ಓಡಿ, ರಷ್ಯಾದ ಕ್ಷಿಪಣಿಗಳು ಬರುತ್ತಿವೆ ಅಂತ ಪರದೆ ತೋರಿಸಿತು. 1983ರ ಸೆಪ್ಟೆಂಬರ್ 26ರಂದು ರಷ್ಯಾದ ಉಪಗ್ರಹ, ಅಮೆರಿಕದಿಂದ 5 ಕ್ಷಿಪಣಿ ಹೊರಟಿವೆ ಅಂದಿತು. ಅವತ್ತು ಡ್ಯೂಟಿಯಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್. ಯುದ್ಧ ಮಾಡೋರು ಐದೇ ಐದು ಕಳಿಸ್ತಾರಾ ಅಂತ ಯೋಚಿಸಿ, ಇದು ಸುಳ್ಳು ಎಚ್ಚರಿಕೆ ಅಂತ ಮೇಲಿನವರಿಗೆ ಹೇಳಿದ. ಮೋಡದ ಮೇಲೆ ಹೊಳೆದ ಬಿಸಿಲನ್ನು ಉಪಗ್ರಹ ಕ್ಷಿಪಣಿ ಅಂತ ತಿಳಿದಿತ್ತು. ಅದೇ ವರ್ಷ ಜೂನ್‌ನಲ್ಲಿ 'ವಾರ್‌ಗೇಮ್ಸ್' ಬಂದಿತ್ತು: ಕಂಪ್ಯೂಟರ್ ಹುಚ್ಚಿನ ಒಬ್ಬ ಹುಡುಗ ಆಟ ಅಂದುಕೊಂಡು ಸೇನೆಯ ಕಂಪ್ಯೂಟರಿಗೆ ನುಗ್ಗುವ ಕಥೆ. ನೋಡಿದವರು ಒಳ್ಳೇ ಕಥೆ ಕಟ್ಟಿದ್ದಾರೆ ಅಂದುಕೊಂಡರು. ಪೆಟ್ರೋವ್ ವಿಷಯ ಹೊರಗೆ ಬರಲು 1990ರ ದಶಕ ಬರಬೇಕಾಯಿತು. ಮಕ್ಕಳ ಜೊತೆ ನೋಡುವುದಾದರೆ 'ವಾರ್‌ಗೇಮ್ಸ್' ಒಳ್ಳೆಯದು. ಹದಿನಾಲ್ಕರ ಮೇಲಿನವರಿಗೆ ಚೆನ್ನಾಗಿ ಹಿಡಿಸುತ್ತೆ.

ಬಾಂಬಿಗೆ ಕೆಂಪು ಅಂಕಿಯ ಟೈಮರ್ ಕಟ್ಟಿ, ಹೀರೋ ಬೆವರು ಒರೆಸಿಕೊಂಡು ವೈರ್ ಕತ್ತರಿಸುವ ಸಿನಿಮಾಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಜೇಮ್ಸ್ ಬಾಂಡ್‌ನ 'ಗೋಲ್ಡ್‌ಫಿಂಗರ್'ನಲ್ಲಿ ಟೈಮರ್ 007ಕ್ಕೆ ನಿಲ್ಲುತ್ತೆ. ನೋಡೋಕೆ ಮಜಾ, ನಾನೂ ನೋಡಿದ್ದೇನೆ. ತಮಾಷೆ ಅಂದರೆ ಅದರ ಸೆಟ್ ಮಾಡಿದ ಕೆನ್ ಆಡಮ್ ಅವರೇ 'ಸ್ಟ್ರೇಂಜ್‌ಲವ್'ನ ಆ ದೊಡ್ಡ ದುಂಡು ಮೇಜಿನ ಯುದ್ಧದ ಕೋಣೆಯನ್ನೂ ಮಾಡಿದ್ದು. ಕಪ್ಪು-ಬಿಳುಪು ಸಿನಿಮಾ ಆದರೂ ಆ ಮೇಜಿಗೆ ಹಸಿರು ಬಟ್ಟೆ ಹಾಸಿದ್ದರು. ಕೂತವರಿಗೆ ಇಸ್ಪೀಟು ಆಡೋಕೆ ಕೂತ ಹಾಗೆ ಅನಿಸಲಿ ಅಂತ.

ಇನ್ನು ಬೆಳಕು ಮತ್ತು ಶಬ್ದ. 'ಓಪನ್‌ಹೈಮರ್' ಮತ್ತೆ ಹಾಕಿದಾಗ ನಾನು ಎಲ್ಲರ ಕೈಗೂ ಪೆನ್ನು, ಪೇಪರ್ ಕೊಟ್ಟೆ. ಮೊದಲ ಅಣುಬಾಂಬ್ ಪರೀಕ್ಷೆ ನಡೆದದ್ದು 1945ರ ಜುಲೈ 16, ಬೆಳಗಿನ ಜಾವ ಐದೂವರೆಗೆ ಒಂದು ನಿಮಿಷ ಕಡಿಮೆ, ನ್ಯೂ ಮೆಕ್ಸಿಕೋದ ಮರಳುಗಾಡು. ಓಪನ್‌ಹೈಮರ್ ನಿಂತಿದ್ದ ಬಂಕರ್ ಬಾಂಬಿನಿಂದ ಸುಮಾರು 9 ಕಿಲೋಮೀಟರ್, ಬೇಸ್ ಕ್ಯಾಂಪ್ ಸುಮಾರು 16. ಲೆಕ್ಕ ಮಾಡಿ ಅಂದೆ. ಮೊದಲನೆಯದಕ್ಕೆ 27 ಸೆಕೆಂಡ್ ಹತ್ತಿರ, ಎರಡನೆಯದಕ್ಕೆ 47ರ ಹತ್ತಿರ ಬಂತು. ಈಗ ಸಿನಿಮಾ ಓಡಿಸಿ, ಗಡಿಯಾರ ನೋಡಿ. ಪರದೆ ಬೆಳ್ಳಗಾದ ಮೇಲೆ ಉಸಿರಾಟ ಬಿಟ್ಟು ಏನೂ ಕೇಳಿಸಲ್ಲ. ನಿರ್ದೇಶಕ ನೋಲನ್ ಎಷ್ಟು ಎಳೆದಿದ್ದಾರೆ ಅಂತ ನೀವೇ ಎಣಿಸಿ. ಬೆಳಕು-ಸದ್ದು ಒಟ್ಟಿಗೇ ಢಂ ಅನ್ನಿಸುವ ಸಿನಿಮಾಗಳನ್ನು ನೋಡಿ ಬೆಳೆದ ನಮ್ಮ ಹುಡುಗರಿಗೆ ಆ ಮೌನವೇ ಜಾಸ್ತಿ ಹೆದರಿಕೆ ತಂದಿತು. ಎಣಿಸುತ್ತಾ ಎಣಿಸುತ್ತಾ ನನ್ನ ಬಾಯಲ್ಲಿ ಸುಮ್ನೆ 'ಅರ್ಜುನ, ಫಲ್ಗುಣ' ಬಂದುಬಿಟ್ಟಿತ್ತು ಅಂತ ನಮ್ಮನೆಯವರು ಆಮೇಲೆ ಹೇಳಿದರು.

ಅರ್ಜುನನ ಹೆಸರು ಬಂತಲ್ಲ, ಹೇಳಿಬಿಡುತ್ತೇನೆ. ಆ ಸಿನಿಮಾದಲ್ಲಿ ಗೀತೆಯ ಸಾಲನ್ನು ಎಲ್ಲಿ ಹೇಳಿಸಿದರು ಅನ್ನೋದರ ಬಗ್ಗೆ ನಮ್ಮ ದೇಶದಲ್ಲಿ ದೊಡ್ಡ ಗಲಾಟೆ ಆಯಿತು. ನನಗೆ ಕುತೂಹಲ ಅನಿಸಿದ್ದು ಬೇರೆ. ಓಪನ್‌ಹೈಮರ್ 1965ರಲ್ಲಿ ಟಿವಿ ಮುಂದೆ ಆ ಸಾಲು ಹೇಳುವಾಗ 'ನಾನೀಗ ಸಾವಾಗಿದ್ದೇನೆ' ಅನ್ನುವ ಅರ್ಥದಲ್ಲಿ ಹೇಳಿದರು. ಮೂಲದಲ್ಲಿ ಇರುವುದು 'ಕಾಲೋಽಸ್ಮಿ', ಅಂದರೆ ಕಾಲ. ಇಂಗ್ಲಿಷಿನವರು ಇದು ಸಾವೋ ಹೊತ್ತೋ ಅಂತ ಈಗಲೂ ವಾದ ಮಾಡುತ್ತಾರೆ. ನಮಗೆ ವಾದವೇ ಬೇಡ. ಯಾರಾದರೂ ತೀರಿಕೊಂಡರೆ 'ಕಾಲವಾದರು' ಅನ್ನುತ್ತೇವೆ, ಅಲ್ವಾ?

ಅದಾದ ಮೇಲೆ ಬಾಂಬ್ ಬಿದ್ದವರ ಕಡೆಯಿಂದ ನೋಡಬೇಕು, ಅಂದರೆ ಜಪಾನಿನ ಸಿನಿಮಾ. ಸಬ್‌ಟೈಟಲ್ ಓದಲು ಕಷ್ಟಪಡುವ ಹಿರಿಯರಿದ್ದರೆ ಯಾರಾದರೂ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗಿ. ನಮ್ಮಲ್ಲಿ ಎದುರುಮನೆ ಅಜ್ಜನಿಗೆ ನನ್ನ ಹಳೇ ವಿದ್ಯಾರ್ಥಿನಿ ಹೀಗೇ ಹೇಳುತ್ತಾಳೆ. ಅವಳು ಹೇಳುವ ಕನ್ನಡವೇ ಅರ್ಧ ಸಿನಿಮಾ.

1954ರ 'ಗೊಜಿರಾ'ವನ್ನು ರಾಕ್ಷಸ ಹಲ್ಲಿಯ ಸಿನಿಮಾ ಅಂತ ಪಕ್ಕಕ್ಕೆ ತಳ್ಳಬೇಡಿ. ಆ ವರ್ಷ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ 15 ಮೆಗಾಟನ್ನಿನ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ನೂರು ಕಿಲೋಮೀಟರಿಗೂ ದೂರದಲ್ಲಿ ಮೀನು ಹಿಡಿಯುತ್ತಿದ್ದ ಒಂದು ಜಪಾನಿ ದೋಣಿಯಲ್ಲಿ 23 ಜನ ಇದ್ದರು. ದೋಣಿಯ ಹೆಸರಿನ ಅರ್ಥ 'ಅದೃಷ್ಟದ ಡ್ರ್ಯಾಗನ್'. ಆಕಾಶ ಬೆಳಗಿತು, ಸದ್ದು ಬರಲು ನಿಮಿಷಗಳೇ ಹಿಡಿದವು, ಕೆಲವು ಗಂಟೆ ಬಿಟ್ಟು ಬಿಳಿ ಬೂದಿ ಹಿಟ್ಟಿನ ಹಾಗೆ ಉದುರಿತು. ಅವರಲ್ಲಿ ಒಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರ್ 3ಕ್ಕೆ 'ಗೊಜಿರಾ' ಬಿಡುಗಡೆ ಆಯಿತು. ಶುರುವಾಗುವುದೇ ಸಮುದ್ರದಲ್ಲಿ ಒಂದು ಹಡಗು, ಕಣ್ಣು ಕುಕ್ಕುವ ಬೆಳಕು. ಜಪಾನಿನ ಜನ ಆ ದೃಶ್ಯವನ್ನು ಹೇಗೆ ನೋಡಿರಬೇಕು ಯೋಚಿಸಿ. ನೋಡುವಾಗ ಜಪಾನಿ ಆವೃತ್ತಿಯನ್ನೇ ಹುಡುಕಿ. 1956ರಲ್ಲಿ ಅಮೆರಿಕದವರು ಅದನ್ನು ಕತ್ತರಿಸಿ, ನಡುವೆ ತಮ್ಮವನೊಬ್ಬ ಪತ್ರಕರ್ತನನ್ನು ತುರುಕಿದರು. ರೈಲಿನಲ್ಲಿ ಒಬ್ಬಳು 'ನಾಗಾಸಾಕಿಯಿಂದ ಹೇಗೋ ಬದುಕಿ ಬಂದೆ' ಅನ್ನುವ ಮಾತು ಆ ಆವೃತ್ತಿಯಲ್ಲಿ ಇಲ್ಲ.

'ಬೇರ್‌ಫೂಟ್ ಗೆನ್' 1983ರ ಕಾರ್ಟೂನ್ ಸಿನಿಮಾ. ಕಾರ್ಟೂನ್ ಅಂತ ಮೊಮ್ಮಕ್ಕಳನ್ನು ಕೂರಿಸಬೇಡಿ, ದಯವಿಟ್ಟು. ಕಥೆ ಬರೆದ ಕೇಜಿ ನಾಕಾಜಾವಾ ಹಿರೋಶಿಮಾದಲ್ಲಿ 6 ವರ್ಷದ ಹುಡುಗ ಆಗಿದ್ದಾಗಲೇ ಬಾಂಬ್ ಬಿದ್ದದ್ದು. ಶಾಲೆಯ ಗೋಡೆಯ ಮರೆಯಲ್ಲಿ ಇದ್ದದ್ದಕ್ಕೆ ಬದುಕಿದರು. ಸಿನಿಮಾದ ಹುಡುಗನೂ ಹಾಗೇ. ಬಾಂಬಿನ ಮೊದಲು ಆ ಮನೆಯಲ್ಲಿ ಊಟಕ್ಕೆ ಏನಿತ್ತು, ಯಾರು ಎಷ್ಟು ತಿಂದರು ಅನ್ನುವುದನ್ನು ಗಮನಿಸಿ. ಅಷ್ಟು ಹೊತ್ತು ಬರೀ ಹಸಿವಿನ ಕಥೆ. ಆಮೇಲೆ ಬೆಳಗ್ಗೆ 8:15. ಆ ಕೆಲವು ನಿಮಿಷ ನಾನು ಎರಡನೇ ಸಲ ನೋಡಿಲ್ಲ, ನೋಡುವುದೂ ಇಲ್ಲ. ಹಿರೋಶಿಮಾದ ಮ್ಯೂಸಿಯಂನಲ್ಲಿ ಅದೇ ಹೊತ್ತಿಗೆ ನಿಂತುಹೋದ ಗಡಿಯಾರ ಇಟ್ಟಿದ್ದಾರೆ.

ಈಗ ಅಡುಗೆಮನೆಗೆ ಬರೋಣ. 'ವೆನ್ ದ ವಿಂಡ್ ಬ್ಲೋಸ್', 1986, ಇದೂ ಕಾರ್ಟೂನ್. ಇಂಗ್ಲೆಂಡಿನ ಹಳ್ಳಿಯಲ್ಲಿ ಜಿಮ್, ಹಿಲ್ಡಾ ಅಂತ ಗಂಡ-ಹೆಂಡತಿ, ನಮ್ಮ ವಯಸ್ಸಿನವರು. ಸರ್ಕಾರದ ಕೈಪಿಡಿ ಓದಿ ಜಿಮ್ ಮನೆಯೊಳಗೇ ಒಂದು ಆಸರೆ ಕಟ್ಟುತ್ತಾನೆ. ಬಾಗಿಲುಗಳನ್ನು ಕಳಚಿ ಗೋಡೆಗೆ 60 ಡಿಗ್ರಿಯಲ್ಲಿ ಒರಗಿಸುವುದು, ಅದರ ಕೆಳಗೆ 14 ದಿನ ಇರುವುದು. ಇದು ತಮಾಷೆಗೆ ಹುಟ್ಟಿಸಿದ್ದಲ್ಲ. ಬ್ರಿಟನ್ ಸರ್ಕಾರ 1980ರಲ್ಲಿ ನಿಜವಾಗಿಯೂ ಇಂಥ ಪುಸ್ತಿಕೆ ಅಚ್ಚು ಹಾಕಿತ್ತು.

ನಾವು ಒಂದು ಪ್ರಯೋಗ ಮಾಡಿದೆವು, ನೀವೂ ಮಾಡಿ. ಪಕ್ಕದ ಮನೆ ಹುಡುಗನ ಕಂಪಾಸ್ ಬಾಕ್ಸಿನಿಂದ ಕೋನಮಾಪಕ ತಂದು, ಹಳೇ ಬಾಗಿಲೊಂದನ್ನು ಗೋಡೆಗೆ 60 ಡಿಗ್ರಿಗೆ ಒರಗಿಸಿದೆವು. ನಾನು, ನಮ್ಮನೆಯವರು ಒಳಗೆ ಕೂತೆವು. ಇಬ್ಬರ ಮೊಣಕಾಲೂ ಹೊರಗೆ. ಅವರ ಬೆನ್ನು ಹಿಡಿದುಕೊಂಡಿತು. ನಾಲ್ಕು ನಿಮಿಷ ಆಗಿತ್ತು ಅಷ್ಟೆ, ನಾನೇ ನೋಡಿದೆ. ಹದಿನಾಲ್ಕು ದಿನ! ಹುಡುಗರು ನಗುತ್ತಾ ಫೋಟೋ ತೆಗೆದರು. ಆಮೇಲೆ ಸಿನಿಮಾ ಹಾಕಿದೆವು. ರೇಡಿಯೋದಲ್ಲಿ ಇನ್ನು ಮೂರೇ ನಿಮಿಷ ಅಂತ ಬಂದಾಗ ಹಿಲ್ಡಾ ಒಣಹಾಕಿದ ಬಟ್ಟೆ ತರಲು ಹೊರಡುತ್ತಾಳೆ. ಜಿಮ್ ಒಳಗೆ ತಳ್ಳಿದರೆ, ಕೇಕ್ ಸೀದುಹೋಗುತ್ತೆ ಅಂತ ಗೋಳಾಡುತ್ತಾಳೆ. ಅಲ್ಲಿ ಯಾರೂ ನಗಲಿಲ್ಲ. ಹಾಲು ಒಲೆ ಮೇಲಿಟ್ಟು ಬಂದವರು ಯಾರಿಗೆ ತಾನೇ ಇದು ಅರ್ಥ ಆಗಲ್ಲ? ಮುಂದೆ ಕುಡಿಯುವ ನೀರಿಗೆ ಏನು ಮಾಡುತ್ತಾರೆ ಅನ್ನುವುದರ ಮೇಲೆ ಕಣ್ಣಿಡಿ.

'ಥ್ರೆಡ್ಸ್' ಕೊನೆಯ ಹತ್ತಿರಕ್ಕೆ ಇಟ್ಟುಕೊಳ್ಳಿ. 1984ರಲ್ಲಿ ಬಿಬಿಸಿ ಟಿವಿಗೆ ಮಾಡಿದ್ದು. ನಿರ್ದೇಶನ ಮಿಕ್ ಜಾಕ್ಸನ್, ಬರೆದವರು ಬ್ಯಾರಿ ಹೈನ್ಸ್. ಊರು ಶೆಫೀಲ್ಡ್, ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿಯ ಇಂಗ್ಲಿಷ್ ನಮಗೆ ತಲೆಬುಡ ತಿಳಿಯಲ್ಲ, ಸಬ್‌ಟೈಟಲ್ ಇರಲೇಬೇಕು. ರೂತ್, ಜಿಮ್ಮಿ ಅಂತ ಒಂದು ಜೋಡಿ. ಅವಳು ಬಸುರಿ, ಮದುವೆ ನಿಶ್ಚಯ ಆಗಿದೆ, ಹೊಸ ಮನೆಯ ಗೋಡೆ ಸರಿ ಮಾಡುತ್ತಿದ್ದಾರೆ. ಬಾಂಬ್ ಬೀಳುವುದು ಸುಮಾರು ಮುಕ್ಕಾಲು ಗಂಟೆ ಆದ ಮೇಲೆ. ಅಲ್ಲಿಯವರೆಗೆ ಬೋರು ಅಂತ ಓಡಿಸಿದರೆ ಸಿನಿಮಾವನ್ನೇ ಕಳೆದುಕೊಂಡ ಹಾಗೆ.

ಆ ಮುಕ್ಕಾಲು ಗಂಟೆಯಲ್ಲಿ ಮಾಡಬೇಕಾದ ಕೆಲಸ ಇದು: ಮುಂದೆ ಮಾತಾಡುವವರನ್ನು ಬಿಟ್ಟು ಹಿಂದೆ ಓಡುತ್ತಿರುವ ಸುದ್ದಿಗೆ ಕಿವಿ ಕೊಡಿ. ರೇಡಿಯೋದಲ್ಲಿ, ಟಿವಿಯಲ್ಲಿ ಇರಾನ್ ಕಡೆ ಏನೋ ಜಗಳ ಬೆಳೆಯುತ್ತಾ ಇರುತ್ತೆ. ಯಾರೂ ಅತ್ತ ಗಮನ ಕೊಡುತ್ತಿಲ್ಲ. ನಮ್ಮನೆಯಲ್ಲೂ ಹೀಗೇ ಅಲ್ವಾ? ಟಿವಿ ಪಾಡಿಗೆ ಟಿವಿ ಓಡುತ್ತಿರುತ್ತೆ, ನಾವು ಅವರೆಕಾಳು ಬಿಡಿಸುತ್ತಾ ಸಂಬಂಧಿಕರ ಮದುವೆ ಮಾತಾಡುತ್ತಿರುತ್ತೇವೆ. ದಿನ ದಿನಕ್ಕೂ ಸುದ್ದಿ ಮುಂದಕ್ಕೆ ಬರುತ್ತೆ, ಮಾತು ಹಿಂದಕ್ಕೆ ಹೋಗುತ್ತೆ. ಅಂಗಡಿಯ ಕಪಾಟು ಖಾಲಿಯಾಗುವ ಹೊತ್ತಿಗೆ ತಡವಾಗಿದೆ.

ದಾಳಿ ಬೆಳಗ್ಗೆ ಎಂಟೂವರೆ ಸುಮಾರಿಗೆ. ಜಿಮ್ಮಿ ರೂತ್ ಕಡೆ ಓಡುತ್ತಾನೆ. ಅಷ್ಟೆ. ಅವನು ಮತ್ತೆ ಕಾಣಿಸುವುದಿಲ್ಲ. ಸತ್ತನೋ, ಎಲ್ಲಿ ಬಿದ್ದನೋ, ಸಿನಿಮಾ ಹೇಳುವುದೇ ಇಲ್ಲ. ನಮ್ಮ ಎದುರುಮನೆ ಅಜ್ಜ ಕೊನೆವರೆಗೂ "ಆ ಹುಡುಗ ಎಲ್ಲಿ?" ಅಂತ ಕೇಳುತ್ತಲೇ ಇದ್ದರು. ಊರಿನ ಆಡಳಿತ ನಡೆಸಬೇಕಾದವರು ನೆಲಮಾಳಿಗೆ ಸೇರಿಕೊಂಡಿರುತ್ತಾರೆ, ಮೇಲಿನ ಕಟ್ಟಡ ಕುಸಿದು ಬಾಗಿಲು ಮುಚ್ಚಿಹೋಗುತ್ತೆ. ಅವರು ಫೋನಿನಲ್ಲಿ ಜಗಳ ಆಡುತ್ತಾ, ಸಿಗರೇಟು ಸೇದುತ್ತಾ ಅಲ್ಲೇ ಮುಗಿಯುತ್ತಾರೆ.

ಬೇರೆ ಸಿನಿಮಾಗಳು ನಿಲ್ಲುವ ಕಡೆ ಇದು ನಿಲ್ಲಲ್ಲ. ಪರದೆ ಮೇಲೆ ಟೈಪ್‌ರೈಟರ್ ಅಕ್ಷರದಲ್ಲಿ ದಿನ, ವಾರ, ವರ್ಷ ಬರುತ್ತಾ ಹೋಗುತ್ತೆ. ಹೊಗೆ ಸೂರ್ಯನನ್ನು ಮುಚ್ಚಿ ಚಳಿ ಬರುತ್ತೆ. ವಿಜ್ಞಾನಿಗಳು ಇದರ ಲೆಕ್ಕ ಪ್ರಕಟಿಸಿದ್ದು 1983ರ ಕೊನೆಗೆ, ಮರುವರ್ಷವೇ ಇದು ತೆರೆಗೆ ಬಂದಿತ್ತು. ಹತ್ತು ವರ್ಷ, ಹದಿಮೂರು ವರ್ಷ. ರೂತ್‌ಳ ಮಗಳು ದೊಡ್ಡವಳಾಗಿದ್ದಾಳೆ. ಅವಳ ಮಾತು ಕೇಳಿ. ವಾಕ್ಯವೇ ಇಲ್ಲ. ಎರಡು-ಮೂರು ಮುರಿದ ಪದ, ಮಿಕ್ಕಿದ್ದು ಗುರುಗುಟ್ಟುವುದು. ಒಂದು ಕಡೆ ಮಕ್ಕಳನ್ನು ಕೂರಿಸಿ ಸವೆದುಹೋದ ಹಳೇ ವಿಡಿಯೋ ಟೇಪಿನಲ್ಲಿ ಪದ ಕಲಿಸುತ್ತಾರೆ. ಮಕ್ಕಳು ಪರದೆಯನ್ನೇ ನೋಡುತ್ತವೆ, ಮುಖದಲ್ಲಿ ಏನೂ ಇಲ್ಲ. ಸುಟ್ಟ ಊರು ನೋಡಿದಾಗ ಅಳದ ನಾನು ಇಲ್ಲಿ ಅತ್ತೆ. ಮೂವತ್ತೊಂದು ವರ್ಷ ಮಕ್ಕಳ ಮುಂದೆ ಮಾತಾಡಿ ಬದುಕಿದವಳು, ಅದಕ್ಕೇ ಇರಬೇಕು.

'ಥ್ರೆಡ್ಸ್' ಬೇಡ ಅನಿಸಿದವರಿಗೆ 1983ರ 'ಟೆಸ್ಟಮೆಂಟ್' ಇದೆ. ಕ್ಯಾಲಿಫೋರ್ನಿಯಾದ ಸಣ್ಣ ಊರು, ಟಿವಿ ನಿಂತುಹೋಗುತ್ತೆ, ಕಿಟಕಿಯಲ್ಲಿ ಒಂದು ಬೆಳಕು. ಬೇರೆ ಏನೂ ತೋರಿಸಲ್ಲ. ಆದರೆ ತಾಯಂದಿರಿಗೆ ಇದೂ ಸುಲಭವಲ್ಲ. 'ದ ಡೇ ಆಫ್ಟರ್' ಹೆಚ್ಚು ಹೆಸರಾದದ್ದು. 1983ರ ನವೆಂಬರ್ 20ರ ರಾತ್ರಿ ಅಮೆರಿಕದಲ್ಲಿ ಸುಮಾರು 10 ಕೋಟಿ ಜನ ಟಿವಿಯಲ್ಲಿ ನೋಡಿದರು. ಅದಕ್ಕೂ ಮೊದಲೇ ನೋಡಿದ್ದ ಅಧ್ಯಕ್ಷ ರೇಗನ್, ಮನಸ್ಸು ಕುಗ್ಗಿಹೋಯಿತು ಅಂತ ಡೈರಿಯಲ್ಲಿ ಬರೆದುಕೊಂಡರು. ಅದರಲ್ಲಿ ಒಂದು ದೃಶ್ಯಕ್ಕೆ ಗಡಿಯಾರ ನೋಡಿ: ಕ್ಯಾನ್ಸಸ್‌ ಸಿಟಿ ಸುತ್ತಲಿನ ಹೊಲಗಳಿಂದ ಅಮೆರಿಕದ್ದೇ ಕ್ಷಿಪಣಿಗಳು ಮೇಲೇಳುತ್ತವೆ. ಜನ ತಲೆ ಎತ್ತಿ ನೋಡುತ್ತಾ ನಿಲ್ಲುತ್ತಾರೆ. ನಮ್ಮವು ಹೋದವು ಅಂದರೆ ಅವರವು ಬರಲು ಅರ್ಧ ಗಂಟೆ. ಉಳಿದದ್ದರಲ್ಲಿ ಟಿವಿ ಧಾರಾವಾಹಿಯ ಗುಣ ಜಾಸ್ತಿ, ನನಗೆ ಅಷ್ಟು ಹಿಡಿಸಲಿಲ್ಲ.

ಬಿಬಿಸಿಯದ್ದೇ 'ದ ವಾರ್ ಗೇಮ್' 47 ನಿಮಿಷ ಅಷ್ಟೆ. ಪೀಟರ್ ವಾಟ್ಕಿನ್ಸ್ 1965ರಲ್ಲಿ ಮಾಡಿದರು, ಬಿಬಿಸಿ ತಾನೇ ಹೆದರಿ ಟಿವಿಯಲ್ಲಿ ಹಾಕಲಿಲ್ಲ. ಹಾಕಿದ್ದು 1985ರಲ್ಲಿ. ನಡುವೆ ಅದಕ್ಕೆ ಆಸ್ಕರ್ ಬಂದಿತ್ತು, ಅದೂ ಸಾಕ್ಷ್ಯಚಿತ್ರ ಅಂತ! ಪೂರಾ ನಟನೆ, ಒಂದೂ ನಿಜ ಘಟನೆ ಇಲ್ಲ. ಹೊತ್ತಿಲ್ಲದವರು ಇದೊಂದನ್ನು ನೋಡಿ. ನಮ್ಮ ದೇಶದ್ದು ಬೇಕು ಅನ್ನುವವರಿಗೆ ಆನಂದ್ ಪಟವರ್ಧನ್ ಅವರ 'ಜಂಗ್ ಔರ್ ಅಮನ್' ಇದೆ, ಪೋಖ್ರಾನ್ ಪರೀಕ್ಷೆಯ ನಂತರದ ಭಾರತ, ಪಾಕಿಸ್ತಾನ ಮತ್ತು ಜಪಾನ್. ಸೆನ್ಸಾರ್‌ನವರು ಕತ್ತರಿ ಹಾಕಿ ಅಂದಾಗ ಅವರು ಕೋರ್ಟಿಗೆ ಹೋಗಿ ಕತ್ತರಿ ಇಲ್ಲದೆ ಬಿಡುಗಡೆ ಮಾಡಿಸಿಕೊಂಡರು. ಅದು ನಿಜವಾದ ಸಾಕ್ಷ್ಯಚಿತ್ರ.

ಸಿನಿಮಾ ಮುಗಿದ ಮೇಲೆ ತಕ್ಷಣ ಚರ್ಚೆ ಶುರು ಮಾಡಬೇಡಿ. ಮೊದಮೊದಲು ನಾನು ಮೇಷ್ಟ್ರ ಹಾಗೆ ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದೆ, ಯಾರೂ ಬಾಯಿ ಬಿಡುತ್ತಿರಲಿಲ್ಲ. ಈಗ ಬೆಡ್‌ಶೀಟ್ ಎಳೆದು ಕಿಟಕಿ ತೆಗೆದು ಕಾಫಿಗೆ ನೀರಿಡುತ್ತೇನೆ. ಕಾಫಿ ಇಳಿಯುವಷ್ಟರಲ್ಲಿ ಯಾರಾದರೂ ಒಬ್ಬರು ಶುರು ಮಾಡುತ್ತಾರೆ. ಹೆಚ್ಚಾಗಿ ಅದು ಸಿನಿಮಾ ಬಗ್ಗೆ ಇರಲ್ಲ. ಮೊನ್ನೆ ಒಬ್ಬರು ತಮ್ಮ ಊರು ಮುಳುಗಡೆಯಾದಾಗ ಅವ್ವ ಮನೆಯಿಂದ ಏನೇನು ತಂದಿದ್ದಳು ಅಂತ ಪಟ್ಟಿ ಹೇಳಿದರು. ಒರಳುಕಲ್ಲು ತರಲು ಆಗಲಿಲ್ಲವಂತೆ.

ಈ ಭಾನುವಾರ 'ಆನ್ ದ ಬೀಚ್' ಇಟ್ಟುಕೊಂಡಿದ್ದೇನೆ. 1959ರದ್ದು, 134 ನಿಮಿಷ, ಗ್ರೆಗರಿ ಪೆಕ್. ಇದರಲ್ಲಿ ಯುದ್ಧ ಆಗಿಹೋಗಿದೆ, ಭೂಮಿಯ ಉತ್ತರದ ಅರ್ಧ ಸತ್ತಿದೆ, ವಿಕಿರಣ ಮೆಲ್ಲಗೆ ಆಸ್ಟ್ರೇಲಿಯಾ ಕಡೆ ಬರುತ್ತಿದೆ. ಮೆಲ್ಬರ್ನ್‌ನವರಿಗೆ ಉಳಿದಿರುವುದು ಕೆಲವು ತಿಂಗಳು. ಮಾಡೋಕೆ ಏನೂ ಇಲ್ಲ, ದಿನ ಕಳೆಯಬೇಕು. ಗಡಿಯಾರದ ಬದಲು ಕ್ಯಾಲೆಂಡರ್ ಇಟ್ಟುಕೊಂಡು ನೋಡುವ ಸಿನಿಮಾ.

ನಿನ್ನೆ ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ.

"ಬಸುರಿ ಇದ್ದಾಳಾ?" ಎಂದಳು.

"ಇಲ್ಲ."

"ಮಗು?"

"ಇದೆ. ಹಸುಗೂಸು."

"ಏನಾಗುತ್ತೆ ಅದಕ್ಕೆ?"

ಹೇಳಿದೆ. ಸರ್ಕಾರ ಹಂಚುವ ಮಾತ್ರೆಯ ವಿಷಯವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದೆ ಮೊಮ್ಮಗ ಏನನ್ನೋ ಬಡಿಯುತ್ತಿದ್ದ ಸದ್ದು, ಸ್ಟೀಲ್ ಡಬ್ಬಿ ಇರಬೇಕು.

"ಎಷ್ಟು ಗಂಟೆಗೆ ಶುರು?" ಎಂದಳು.